ಅರಿವೀ ವಿಮಾನ

ವಿಮಾನ ಅಂದರೆ ಸ್ಟೀಲಿನ ತಂಬಿಗೆಯ ಹಾಗೆ ಮಿರಿಮಿರಿ ಮಿಂಚಲೇಬೇಕಂತೆ! ಎಪ್ಪತ್ತರ ದಶಕದ ಬೈಲಹೊಂಗಲದಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ನನ್ನಪ್ಪ ಮಿಲಿಟರಿಯಲ್ಲಿದ್ದಾಗ ವಿಮಾನದ ರೆಕ್ಕೆಗಳಿಗೆ ಅರಿವಿ ಹೊಲಿದವನು. ಕಟ್ಟಿಗೆಯ ಹಂದರಕ್ಕೆ ಆ ಬಟ್ಟೆ ಹೊದಿಸಿ, ಅದು ಬಿಗಿಯುವಂತೆ ಡೋಪು ಎಂಬ ಲೇಪ ಬಳಿದು, ಮೇಲೆ ಹೊಳಪಿಲ್ಲದ ಮಂದ ಬೆಳ್ಳಿ ಬಣ್ಣ ಕೊಡುವುದು ಅವನ ಕೆಲಸವಾಗಿತ್ತು. ಚಹಾದಂಗಡಿಯ ಕಟ್ಟೆಯಲ್ಲಿ ಅದನ್ನು ಹೇಳಿದ್ದೇ ತಪ್ಪಾಯಿತು. “ಅರಿವೀ ವಿಮಾನ? ಮಳಿ ಬಂದ್ರ ಹಿಂಡಿ ಒಣಾ ಹಾಕತಿದ್ರೇನು?” ಎಂದು ಗೆಳೆಯರೇ ನಕ್ಕರು. ದಿನಾ ನಕ್ಕರು. ಅಪ್ಪ ಕಟ್ಟೆಗೆ ಹೋಗುವುದನ್ನೇ ಬಿಟ್ಟ.

“ನಾಯಿ ಬೊಗಳಿದ್ರ ದೇವಲೋಕ ಹಾಳಾಗತೈತೇನು?” ಎಂದಳು ಅವ್ವ. ದೇವಲೋಕ ಹಾಳಾಗದಿರಬಹುದು, ಅಪ್ಪನ ಸಂಜೆ ಹಾಳಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲೇ ಜಂಪರು ಹೊಲಿಯುತ್ತಿದ್ದವಳು ನಾನು. ಮಷಿನ್ನು ಬದಿಗೆ ಸರಿಸಿ ಮೊಳದುದ್ದದ ವಿಮಾನ ಮಾಡಲು ಕುಳಿತೆ.

ಬಿದಿರು ಕಡ್ಡಿಯ ಹಂದರವಾಯಿತು. ಮೇಲೆ ಹಳೆಯ ಧೋತರ ಹೊದಿಸಹೋದರೆ ಅಪ್ಪ ತಡೆದ. “ಇಷ್ಟ ಸಣ್ಣ ವಿಮಾನಕ್ಕ ಧೋತರದ ಎಳಿ ಹಗ್ಗದಂಗ ಕಾಣತಾವ. ತೆಳ್ಳನ ಕಾಗದ ಹಚ್ಚು.” ಹಚ್ಚಿದೆ. ನೀರು ಚಿಮುಕಿಸಿ ಒಣಗಿಸಿದಾಗ ಕಾಗದ ಬಿಗಿದು, ಕಡ್ಡಿಗಳ ಏಣು ನವಿರಾಗಿ ಮೂಡಿತು. ಆದರೆ ಟ್ರಂಕಿಗೆ ಹಚ್ಚುವ ಬೆಳ್ಳಿ ಬಣ್ಣ ಬಳಿದದ್ದೇ ತಡ, ಕಣ್ಣು ಕುಕ್ಕತೊಡಗಿತು. “ತಗಡ ಆತಲ್ಲವಾ,” ಎಂದು ಅಪ್ಪ ಮುಖ ತಿರುಗಿಸಿದ.

ಮಹಾನವಮಿಗೆ ದುಡಿಯುವ ಸಾಮಾನುಗಳನ್ನೆಲ್ಲ ಇಟ್ಟು ಮಾಡುವ ಖಂಡೆ ಪೂಜೆ ಬಂತು. ಅವ್ವ ಮಷಿನ್ನಿಗೆ, ಕತ್ತರಿಗೆ ವಿಭೂತಿ ಎಳೆದಳು. ಅದೇ ಭಕ್ತಿಯಲ್ಲಿ ವಿಮಾನದ ರೆಕ್ಕೆಗೂ ಮೂರು ಬೆರಳು ಎಳೆದುಬಿಟ್ಟಳು! “ಯವ್ವಾ, ಏನ್ ಮಾಡಿದಿ!” ಎಂದು ಚೀರಿ, ಚಿಂದಿಯಿಂದ ಉಜ್ಜಿದೆ. ಏಣಿನ ಮೇಲಿನ ವಿಭೂತಿ ಹೋಯಿತು, ನಡುವಿನದು ಉಳಿಯಿತು. ಹೊಳಪು ಸತ್ತು, ಬಿಗಿದ ಬಟ್ಟೆಯ ಮಂದ ಬಿಳುಪು ಬಂದಿತ್ತು. ಅಪ್ಪ ದಡಕ್ಕನೆ ಎದ್ದು ಬಂದ. “ಹಂಗ ಬಿಡ ಮಗಳ, ಮುಟ್ಟಬ್ಯಾಡ. ಇದ ನೋಡು, ಇದ!” ಉಳಿದ ಭಾಗಕ್ಕೂ ಅವ್ವನ ಕೈಯಿಂದಲೇ ವಿಭೂತಿ ಹಚ್ಚಿಸಿದೆವು.

ಊರೆಲ್ಲ ನೋಡಲಿ ಎಂದು ಸಾಲೆಯ ವಸ್ತುಪ್ರದರ್ಶನಕ್ಕೆ ಒಯ್ದೆ. ಅಲ್ಲಿ ಉಸ್ತುವಾರಿಗಿದ್ದ ಮಾಸ್ತರರು ಮೂಗು ಮುರಿದರು. “ಮಬ್ಬ ಐತಲ್ಲವಾ. ಇನ್ನೊಂದ ಕೈ ಬಣ್ಣಾ ಹಚ್ಚಿ ತಗೊಂಡ ಬಾ. ಮುಂದಿನ ಸಾಲಿನಾಗ ಇಡತೇನಿ.”

“ಅರಿವೀ ವಿಮಾನ ಹಿಂಗ ಇರತೈತ್ರಿ, ಸರ. ಹೊಳಿಯೂದಿಲ್ಲ.”

“ಮಂದಿಗೇನ್ ಗೊತ್ತಾಗತೈತಿ?”

“ಗೊತ್ತಾಗ್ಲಿ ಅಂತನ ಮಾಡೇನ್ರಿ. ಹೊಳಿಯೂದ ಬೇಕಾದ್ರ ಎಣ್ಣಿ ಡಬ್ಬಿ ಇಡ್ರಿ!” ಅಷ್ಟಂದು ವಿಮಾನ ಎತ್ತಿಕೊಂಡು ಹೊರಬಿದ್ದೆ. ಹೆಣ್ಣುಮಗಳು ಹಾಗೆಲ್ಲ ಮಾತಾಡಬಾರದಂತೆ. ಆಡಿದೆ, ಏನೀಗ?

ನೆಟ್ಟಗೆ ಮನೆಗೆ ಬಂದು, ಅಪ್ಪನ ಕೈ ಹಿಡಿದು ಎಬ್ಬಿಸಿ, ಚಹಾದಂಗಡಿಗೆ ಕರೆದೊಯ್ದೆ. ಗಂಡಸರ ಕಟ್ಟೆ; ಇದ್ದರೆ ಇರಲಿ. ಅವರ ಕಪ್ಪುಬಸಿಗಳ ನಡುವೆ ವಿಮಾನ ಇಟ್ಟೆ. ಎಲ್ಲರಿಗಿಂತ ಹೆಚ್ಚು ನಕ್ಕಿದ್ದವನು ಬಗ್ಗಿ ನೋಡಿ, ರೆಕ್ಕೆಯ ಮೇಲೆ ಮೆಲ್ಲಗೆ ಬೆರಳಾಡಿಸಿದ. “ಏ, ಖರೇನ ಅರಿವಿ ಐತಲೇ!” ಎಂದ.

ಗೆದ್ದೆನೆಂದು ನಾನು ಬೀಗುವಷ್ಟರಲ್ಲಿ ಅಪ್ಪ ಬಾಯಿಬಿಟ್ಟ. “ಅಲ್ಲ. ಇದು ಕಾಗದ. ನನ್ನ ಮಗಳು ಮಾಡಿದ್ದು.” ಆಮೇಲೆ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ, “ಅರಿವೀದು ನಾ ಮಾಡಿದ್ದು. ಸರೀರಿ ಆ ಕಡೆ, ಕುಂದರತೇನಿ,” ಎಂದ.

ಸರಿದರು.