ಚಾಚಾ ಮತ್ತು ಆಳದ ಮಣ್ಣು

ಚಾಚಾನ ನಾಲಗೆ ಯಾವಾಗಲೂ ಕೆಂಪಗಿರುತ್ತಿತ್ತು. ಎಲೆ-ಅಡಿಕೆಯಿಂದಲ್ಲ, ಮಣ್ಣಿನಿಂದ. ಬೆಳಗಾವಿಯ ನಮ್ಮ ಮಣ್ಣು ಪರೀಕ್ಷೆಯ ಕಚೇರಿಗೆ ಬಂದ ಪ್ರತಿ ಚೀಲದಿಂದಲೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿ, ಆಮೇಲೇ ಅವರು ಅದನ್ನು ಜರಡಿಗೆ ಸುರಿಯುತ್ತಿದ್ದರು. ಕಚೇರಿಯವರೆಲ್ಲ ಚಾಚಾ ಎಂದೇ ಕರೆಯುತ್ತಿದ್ದ ಅವರು ಅಲ್ಲಿಯ ಜವಾನರು. ನಾನು ಎಪ್ಪತ್ತರ ದಶಕದ ಕೊನೆಗೆ ಕೃಷಿ ಪದವಿ ಮುಗಿಸಿ ಸೇರಿದ ಪರೀಕ್ಷಕ. ವಯಸ್ಸು ಇಪ್ಪತ್ಮೂರು, ಸೊಕ್ಕು ಅದರ ಹತ್ತರಷ್ಟು.

ಅವರದೊಂದು ಹಟವಿತ್ತು. ಪರೀಕ್ಷೆಯಾಗಿ ಉಳಿದ ಮಣ್ಣನ್ನು ಗಟಾರಕ್ಕೆ ಚೆಲ್ಲಲು ಬಿಡುತ್ತಿರಲಿಲ್ಲ. ಪೊಟ್ಟಣ ಕಟ್ಟಿ, ಮೇಲೆ ನನ್ನಿಂದ ಹೆಸರು ಬರೆಸಿ, ಆ ಊರಿನವರು ಯಾರಾದರೂ ಬಂದರೆ ಕೊಟ್ಟು ಕಳಿಸುತ್ತಿದ್ದರು. ಯಾರೂ ಬರದಿದ್ದರೆ ರವಿವಾರ ತಾವೇ ಬಸ್ಸು ಹತ್ತುತ್ತಿದ್ದರು.

"ತಗೊಂಡ ಮಣ್ಣು ತಿರುಗಿ ಹೋಗಬೇಕ್ರಿ ಸಾಹೇಬ್ರ. ಇಲ್ಲಂದ್ರ ಕರೀತೈತಿ," ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಒಂದು ಮಳೆಗಾಲ, ಘಟ್ಟದಂಚಿನ ಜಾಂಬೋಟಿ ಕಡೆಯ ಹೆಂಗಸೊಬ್ಬಳು ಎರಡು ಗಂಟು ಮಣ್ಣು ತಂದಳು. ಅವಳ ಗಂಡ ತಮ್ಮ ಗದ್ದೆಯಲ್ಲೇ ಬಾವಿ ತೋಡುವಾಗ ದಂಡೆ ಕುಸಿದು ಸತ್ತಿದ್ದ. ಹೆಣ ತೆಗೆಯುವ ಗಡಿಬಿಡಿಯಲ್ಲಿ ಆಳದ ಮಣ್ಣನ್ನೆಲ್ಲ ಮೇಲೆ ಎಳೆದು ಚೆಲ್ಲಿದ್ದರು. ಆಮೇಲೆ ಕಲ್ಲು ತುಂಬಿ ಬಾವಿ ಮುಚ್ಚಿದ್ದರು. ಗದ್ದೆಯ ಭತ್ತ ಮೊದಲಿಂದಲೂ ಎಳೆ ಎಲೆಯಲ್ಲೇ ಹಳದಿಗಟ್ಟುತ್ತಿತ್ತು; ಈಗ ಆ ಮಣ್ಣು ಬಿದ್ದಲ್ಲಿ ಮಾತ್ರ ಕಡುಹಸಿರು. ಅದೂ ಕೈಕಾಲು ಚಾಚಿ ಮಲಗಿದ ಮನುಷ್ಯನ ಆಕಾರದಲ್ಲಿ.

"ಒಬ್ಬಾಕೀನ ನಾಟಿ ಮಾಡೀನಿ, ಆಳು ಒಬ್ಬರೂ ಬರವಲ್ರು. ಅಂವಾ ಇನ್ನೂ ಅಲ್ಲೇ ಮಲಗ್ಯಾನ, ಗದ್ದಿ ಬಿಟ್ಟು ತವರಮನಿಗಿ ಹೋಗು ಅಂತಾರ ಮೈದುನರು. ಖರೇ ಏನೈತಿ ನೀವ ಹೇಳ್ರಿ. ನನಗ ಇರೂದು ಅದೊಂದ ಗದ್ದಿ," ಎಂದಳು.

ಒಂದು ಗಂಟು ಹಳದಿ ಜಾಗದ್ದು, ಇನ್ನೊಂದು ಹಸಿರು ಜಾಗದ್ದು. ಎಳೆ ಎಲೆ ಹಾಗಾಗುವುದು ಗಂಧಕದ ಕೊರತೆಯಿಂದ ಎಂದು ಪುಸ್ತಕ ಓದಿದ್ದ ನನಗೆ ಗೊತ್ತಿತ್ತು. ಎರಡನ್ನೂ ಬರೀ ನೀರಿನಲ್ಲಿ ಕುಲುಕಿ, ಸೋಸಿ, ಬೇರಿಯಂ ಹಾಕಿದೆ. ಗಂಧಕದ ಲವಣ, ಅಂದರೆ ಸಲ್ಫೇಟ್, ಇದ್ದರೆ ನೀರು ಬೆಳ್ಳಗಾಗಬೇಕು. ಎರಡೂ ಗಾಜಿನ ನಳಿಕೆಯ ನೀರು ತಿಳಿಯಾಗಿಯೇ ಇತ್ತು. ಹಾಗಾದರೆ ಒಂದು ಕಡೆ ಹಸಿರೇಕೆ ಎಂದು ಕೇಳಿಕೊಳ್ಳುವ ವ್ಯವಧಾನ ನನಗೆಲ್ಲಿತ್ತು? "ಎರಡೂ ಮಣ್ಣಿನಲ್ಲಿ ವ್ಯತ್ಯಾಸವಿಲ್ಲ" ಎಂದು ಬರೆದು ಸಹಿ ಹಾಕಿ ಕೈತೊಳೆದುಕೊಂಡೆ.

ಆ ಕಾಗದವೇ ಅವಳಿಗೆ ಮುಳುವಾಯಿತು. ಮಣ್ಣಿನಲ್ಲಿ ವ್ಯತ್ಯಾಸವಿಲ್ಲ ಎಂದು ಸರಕಾರವೇ ಬರೆದುಕೊಟ್ಟಿದೆ, ಅಂದಮೇಲೆ ಹಸಿರಾಗಿರುವುದು ಸತ್ತವನೇ ಎಂದು ಮೈದುನರು ಅದನ್ನು ಊರೆಲ್ಲ ತೋರಿಸಿದರು. ವಾರದಲ್ಲಿ ಅವಳು ಅಳುತ್ತ ಮತ್ತೆ ಬಂದಳು. ನನಗೆ ಮುಖ ಎತ್ತಲಾಗಲಿಲ್ಲ. ಚಾಚಾ ಹಸಿರು ಜಾಗದ ಮಣ್ಣನ್ನು ಇನ್ನೊಮ್ಮೆ ನಾಲಗೆಗೆ ಹಚ್ಚಿಕೊಂಡರು.

"ಇದು ಆಳದ ಕೆಂಪು ಮಣ್ಣು ರೀ. ಬಾಳ ಜಿಗುಟು ಆಸಾಮಿ. ಬರೇ ನೀರಿಗಿ ಬಾಯಿ ಬಿಡಂಗಿಲ್ಲ. ಫಾಸ್ಫೇಟ್ ಹಾಕಿ ಕೇಳ್ರಿ."

ನಾನು ಓದಿ ಪಾಸಾಗಿ ಮರೆತಿದ್ದ ಪಾಠ ಅದು. ಜಾಂಬೋಟಿಯ ಮಳೆ ಮೇಲಿನ ಮಣ್ಣಿನ ಸಲ್ಫೇಟನ್ನು ತೊಳೆದು ಕೆಳಗೆ ಇಳಿಸುತ್ತದೆ. ಆಳದಲ್ಲಿ ಕಬ್ಬಿಣದಂಶದ ಕೆಂಪು ಮಣ್ಣು ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪೈರಿನ ಬೇರಿಗೆ ಮೆಲ್ಲಮೆಲ್ಲಗೆ ಬಿಟ್ಟುಕೊಟ್ಟರೂ, ನಳಿಕೆಯಲ್ಲಿ ಫಾಸ್ಫೇಟ್ ಬಂದು ಆ ಜಾಗದಲ್ಲಿ ಕೂತಾಗಲೇ ಬಿಡುವುದು.

ಹಾಗೇ ಮಾಡಿದೆ. ಹಳದಿ ಜಾಗದ್ದು ತಿಳಿಯಾಗಿಯೇ ಉಳಿಯಿತು. ಹಸಿರು ಜಾಗದ ನಳಿಕೆಯಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಒಂದು ಬಿಳಿ ಎಳೆ ಎದ್ದಿತು, ಹರಡಿತು, ನೋಡನೋಡುತ್ತ ನಳಿಕೆಯ ತುಂಬ ನಿಂತಿತು. ಕಾರಣ ಗೊತ್ತಿದ್ದೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸತ್ತವನ ಮೈ ಸುತ್ತಿಕೊಂಡಿದ್ದ ಮಣ್ಣು ಅದು.

ಹೊಸ ಕಾಗದ ಬರೆದೆ. "ಕಾಗದಕ್ಕ ಹೆದರೂ ಮಂದಿ ಅಲ್ಲ ಅವರು," ಎಂದ ಚಾಚಾ, ಬೇಸಿಗೆ ಬಂದಾಗ, ಉಳಿದಿದ್ದ ಮಣ್ಣಿನ ಪೊಟ್ಟಣಗಳ ಜೊತೆ ನನ್ನನ್ನೂ ಬಸ್ಸು ಹತ್ತಿಸಿದರು. ಗದ್ದೆಯ ಇನ್ನೊಂದು ಮೂಲೆಯಲ್ಲಿ, ಯಾರೂ ಸಾಯದ ಕಡೆ, ನಾವಿಬ್ಬರೂ ಆ ಹೆಂಗಸೂ ಸೇರಿ ಎದೆಮಟ್ಟದ ಗುಂಡಿ ತೋಡಿದೆವು. ಆಳದ ಮಣ್ಣನ್ನು ಚಾಚಾ ಹಗ್ಗ ಹಿಡಿದು ಅಳೆದು ಚೌಕಾಕಾರ ಹರವಿದರು.

"ಮನಷ್ಯಾ ಚೌಕ ಇರೂದಿಲ್ಲಲಾ," ಎಂದರು.

ಆ ಮಳೆಗಾಲ ಹಳದಿ ಪೈರಿನ ನಡುವೆ ಆ ಚೌಕ ಹಸಿರಾಗಿ ಎದ್ದಿತು. ಮೈದುನರು ಬದುವಿನ ಮೇಲೆ ನಿಂತು ನೋಡಿ ಹೊರಟುಹೋದರು. ಉಳಿದ ಗದ್ದೆಗೆ ಗಂಧಕವಿರುವ ಜಿಪ್ಸಮ್ ಹಾಕಿಸಿದೆವು. ಮರುವರ್ಷ ನಾಟಿಗೆ ಆಳುಗಳು ಬಂದರು. ಅವಳು ಮಾತ್ರ ಚಾಚಾಗೆ ಮೆಲ್ಲಗೆ, "ಈಗ ಆ ಮೂಲ್ಯಾಗೂ ನಮ್ಮನಿಯವರ ಅದಾರ ಅನ್ನಸ್ತೈತ್ರಿ," ಎಂದಳು. ನಾನು ವಿಜ್ಞಾನ ಹೇಳಲು ಬಾಯಿ ತೆರೆದೆ. ಚಾಚಾ ನನ್ನ ಕೈ ಅದುಮಿದರು.

"ಇರ್ಲಿ ಬಿಡವಾ ತಂಗಿ. ಗದ್ದಿ ನಿನ್ನ ಕೈಯಾಗ ಉಳೀತಲ್ಲ."

ಎಂಬತ್ತರ ದಶಕದ ನಡುವೆ ಚಾಚಾ ತೀರಿಕೊಂಡರು. ಕಬರಸ್ತಾನದಲ್ಲಿ ತೋಡಿ ತೆಗೆದ ಆಳದ ಕೆಂಪು ಮಣ್ಣನ್ನು ಎಲ್ಲರೂ ಮೂರು ಮೂರು ಹಿಡಿ ಹಾಕಿದರು. ನಾನು ಎರಡು ಹಾಕಿದೆ. ಮೂರನೆಯದು ಮುಷ್ಟಿಯಲ್ಲೇ ಉಳಿದು ಅಂಗಿಯ ಜೇಬು ಸೇರಿತು. ಯಾಕೆ ಹಾಗೆ ಮಾಡಿದೆನೋ ನನಗೂ ಗೊತ್ತಿಲ್ಲ. ಮರುದಿನ ಕಚೇರಿಯಲ್ಲಿ ಅದನ್ನು ನೀರಿನಲ್ಲಿ ಕುಲುಕಿದೆ, ಏನೂ ಬರಲಿಲ್ಲ. ಫಾಸ್ಫೇಟ್ ಹಾಕಿ ಕೇಳಿದೆ. ಬೆಳ್ಳಗೆ ಎದ್ದು ನಿಂತಿತು. ಯಾರೂ ಇಲ್ಲದ ಕೋಣೆಯಲ್ಲಿ ನಾನು ಗಟ್ಟಿಯಾಗಿ ಅತ್ತೆ.

ಉಳಿದ ಮಣ್ಣನ್ನು ಪೊಟ್ಟಣ ಕಟ್ಟಿ ಮೇಲೆ ಅವರ ಹೆಸರು ಬರೆದೆ. ತಿರುಗಿ ಕೊಡಬೇಕೆಂದು ಕಬರಸ್ತಾನದ ಬಾಗಿಲ ತನಕ ಎಷ್ಟೋ ಸಲ ಹೋಗಿದ್ದೇನೆ. ಪ್ರತಿ ಸಲವೂ ವಾಪಸು ತಂದು ಕಪಾಟಿನಲ್ಲಿ ಇಟ್ಟಿದ್ದೇನೆ. ಕೊಟ್ಟುಬಿಟ್ಟರೆ ಅದು ಕರೆಯುವುದು ನಿಂತುಹೋಗುತ್ತದೆ.