ಸಿಪಾಯಿ ಕಲ್ಲಿನ ಚೌರಪ್ಪ
ಬೂದಿಗೆರೆ ಕಡೆಯ ಹಳ್ಳಿ ಚರ್ಚಿನಲ್ಲಿ ಗಂಟೆ ಹೊಡೆಯುವ ಮುದುಕ ಚೌರಪ್ಪನಿಗೆ ಎರಡೇ ಹಗೆ: ತಲೆ ಮೇಲೆ ಹಾರಿ ಗಂಟೆಯ ಸದ್ದು ನುಂಗುವ ವಿಮಾನ, ಗೋಡೆಯ ಸಿಪಾಯಿ ಕಲ್ಲಿಗೆ ಒರಗಿ ಕೂರುವ ಜನ. "ಏಳ್ರೋ, ನಿಮ್ಮಪ್ಪನ ಮನೆ ಜಗಲಿನಾ?" ಎಂದು ಗದರಿ, ಅದರಲ್ಲಿ ಕೆತ್ತಿದ, ಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರುಗಳ ಧೂಳನ್ನು ಪಂಚೆ ತುದಿಯಿಂದ ಒರೆಸುತ್ತಾನೆ. ಕೊನೆಯ ಹೆಸರು ಅವನದೇ. ಚೀನಾ ಯುದ್ಧದಲ್ಲಿ ಸತ್ತನೆಂದು ಸುದ್ದಿ ಬಂದು, ಕಲ್ಲಿನಲ್ಲಿ ಹೆಸರು ಕೆತ್ತಿಸಿದ ಮೇಲೆ ಅವನು ಜೀವಂತವಾಗಿ ಊರಿಗೆ ಬಂದಿದ್ದ. ಸತ್ತವರ ಹಬ್ಬಕ್ಕೆ ತನ್ನ ಹೆಸರಿಗೇ ಮೇಣದಬತ್ತಿ ಹಚ್ಚುವ ಅವನನ್ನು ಕಂಡು ಊರು ಈಗಲೂ ನಗುತ್ತದೆ. ಹೊಸ ಪಾದ್ರಿ "ನಿನ್ನ ಹೆಸರು ಅಳಿಸಿಬಿಡೋಣ ತಾತ" ಅಂದಾಗ ಮಾತ್ರ ಅವನ ಗದರಿಕೆಯೆಲ್ಲ ಉಡುಗಿತು. "ಬ್ಯಾಡಿ ಸಾಮಿ. ಅಲ್ಲಿ ಚಳಿಗೆ ನಡುಗ್ತಿದ್ದ ಒಬ್ಬ ಸಿಪಾಯಿಗೆ ನನ್ನ ಕೋಟು ಕೊಟ್ಟಿದ್ದೆ. ಅದನ್ನ ಹಾಕ್ಕೊಂಡೇ ಸತ್ತ, ಕೋಟಲ್ಲಿದ್ದ ನನ್ನ ಹೆಸರು ನೋಡಿ ಸತ್ತೋನು ನಾನೇ ಅಂತ ಬರ್ಕೊಂಡ್ರು. ಅವನಿಗೆ ಇರೋದು ಇದೊಂದೇ ಕಲ್ಲು. ಅವನ ಹೆಸರೂ ನಾನು ಕೇಳಿರ್ಲಿಲ್ಲ."