ಹೊಡೆದುಹಾಕಿದ ಹದಿನಾಲ್ಕು

ಅಟೆಂಡರ್ ಆಗಿದ್ದ ನನಗೆ ಗುಮಾಸ್ತೆಯ ಹುದ್ದೆ ಸಿಗಬೇಕಾದರೆ ಎಸ್ಸೆಲ್ಸಿ ಪಾಸಾಗಬೇಕಿತ್ತು. ಗಣಿತವೊಂದೇ ಬಾಕಿ. ಅದು ಮೂರು ಸಲ ಕೈಕೊಟ್ಟಿತ್ತು. ಕಚೇರಿಯಲ್ಲಿ ನಕ್ಕವರ ಮುಖಕ್ಕೇ ಹೇಳಿದ್ದೆ, ಈ ಸಲ ಪಾಸಾಗಿಯೇ ಆಗುತ್ತೇನೆ ಎಂದು. ಆ ಜಂಬ ನನಗೆ ಮೊದಲಿನಿಂದಲೂ ಇದೆ.

ಶಂಕರಪುರಂನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಸಂಜೆ ಪಾಠ ಹೇಳುತ್ತಿದ್ದರು. ತೋಟ, ಸೈಟು ಎಂದು ಬರುವ ರೇಖಾಗಣಿತದ ಲೆಕ್ಕಗಳನ್ನು ವರ್ಗ ಸಮೀಕರಣ ಮಾಡಿ ಬಿಡಿಸಲು ಅವರದೊಂದು ಮಂತ್ರವಿತ್ತು. "ಎರಡು ಉತ್ತರ ಬರುತ್ತೆ. ಮೈನಸ್ ಇರೋದನ್ನ ಹೊಡೆದುಹಾಕು. ಉಳಿದಿದ್ದೇ ಉತ್ತರ." ಅದನ್ನೇ ನೆಚ್ಚಿಕೊಂಡು ಚಾಮರಾಜಪೇಟೆಯಲ್ಲಿ ಪರೀಕ್ಷೆಗೆ ಕೂತೆ.

ಇಪ್ಪತ್ತು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲದ ಜಾಗ. ಅದರೊಳಗೆ ಸುತ್ತಲೂ ಒಂದೇ ಅಗಲದ ದಾರಿ ಬಿಟ್ಟು ನಡುವೆ ನೂರ ಇಪ್ಪತ್ತೆಂಟು ಚದರ ಮೀಟರ್ ಹುಲ್ಲುಹಾಸು. ದಾರಿಯ ಅಗಲ ಎಷ್ಟು? ಬಿಡಿಸಿದೆ. ಎರಡು, ಹದಿನಾಲ್ಕು. ಮೈನಸ್ಸೇ ಇಲ್ಲ. ಯಾವುದನ್ನು ಹೊಡೆದುಹಾಕುವುದು?

ನಮ್ಮಮ್ಮ ಗಾರೆ ಕೆಲಸದವಳು. ಪಾಯ ತೋಡುವ ಮುಂಚೆ ಗುರುತು ಹಾಕಲು ಎಳೆಯುವ ದಾರದ ಒಂದು ತುದಿ ಹಿಡಿದು ನಿಂತೇ ನಾನು ಬೆಳೆದದ್ದು. ಪೆನ್ಸಿಲಿನಲ್ಲಿ ಸೈಟು ಬರೆದು, ದಾರ ಎಳೆದಂತೆ ಗೆರೆ ಎಳೆದೆ. ಹದಿನಾಲ್ಕನ್ನು ಹೊಡೆದುಹಾಕಿ ಕಾರಣವನ್ನೂ ಬರೆದೆ.

ಸಂಜೆ ನಾನು ಬರೆದದ್ದನ್ನು ಹೇಳಿದಾಗ ಮೇಷ್ಟ್ರು ಪ್ರಶ್ನೆಪತ್ರಿಕೆ ಹಿಡಿದು ತಾಳೆ ನೋಡಿದರು. "ಹದಿನಾಲ್ಕೂ ಸರಿಹೋಗುತ್ತಲ್ಲಮ್ಮ. ಇಪ್ಪತ್ತರಲ್ಲಿ ಎರಡು ಹದಿನಾಲ್ಕು ಕಳೆದ್ರೆ ಮೈನಸ್ ಎಂಟು, ಹನ್ನೆರಡರಲ್ಲಿ ಕಳೆದ್ರೆ ಮೈನಸ್ ಹದಿನಾರು, ಗುಣಿಸಿದ್ರೆ ನೂರ ಇಪ್ಪತ್ತೆಂಟೇ. ಯಾಕೆ ಹೊಡೆದೆ?"

"ಹನ್ನೆರಡು ಮೀಟರ್ ಜಾಗದಲ್ಲಿ ಆ ಕಡೆ ಹದಿನಾಲ್ಕು, ಈ ಕಡೆ ಹದಿನಾಲ್ಕು ದಾರಿ ಬಿಟ್ರೆ, ಹುಲ್ಲು ಪಕ್ಕದ ಮನೆ ಕಾಂಪೌಂಡಲ್ಲಿ ಬೆಳೀಬೇಕು ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷ ಚಿತ್ರ ಬರೀದೇ ಪಾಠ ಮಾಡ್ಬಿಟ್ಟೆ ನೋಡು" ಎಂದರು. ತಪ್ಪನ್ನು ಹಾಗೆ ಒಪ್ಪಿಕೊಂಡ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಮೂವತ್ತೈದು ಬೇಕಿತ್ತು, ಮೂವತ್ತೇಳು ಬಂತು. ಆ ಲೆಕ್ಕಕ್ಕೇ ನಾಲ್ಕು ಅಂಕ.

ಬಡ್ತಿಯ ಆದೇಶ ಬಂದು ಹೊಸ ಮೇಜಿನ ಮುಂದೆ ಕೂತ ಮೊದಲ ದಿನ ಸಾಹೇಬರ ಕೋಣೆಯ ಬೆಲ್ಲು ಹೊಡೆಯಿತು. ನನ್ನ ಕಾಲುಗಳು ತಾವಾಗಿಯೇ ಎದ್ದು ನಿಂತವು. ಆ ಬೆಲ್ಲು ಇನ್ನು ನನಗಲ್ಲ ಎಂದು ನೆನಪಾಗಿ, ಮತ್ತೆ ಕೂತೆ.